ಯಾರನ್ನೂ ಹಿಂದೆ ಬಿಡದ ಸವಾರಿ

ನಮ್ಮ ಕಟ್ಟಡದ ಮೂರನೇ ಮಹಡಿಯವರು ಒಂದು ಸೈಕಲ್ ಕ್ಲಬ್ಬಿನ ಸದಸ್ಯರು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದವರೆಗೆ ಸವಾರಿ, ಮರಳಿ ಬಂದು ಪಬ್ಬಿನಲ್ಲಿ ಊಟ. “ನೀವೂ ಬನ್ನಿ ಸಾರ್, ಇದು ಸೋಷಿಯಲ್ ರೈಡ್. ಯಾರನ್ನೂ ಹಿಂದೆ ಬಿಡುವುದಿಲ್ಲ” ಎಂದು ಕರೆದರು. ನನ್ನ ಸೈಕಲ್ಲಿಗೆ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೆಲ್ ಎಲ್ಲವೂ ಇವೆ ಎಂದೆ. “ಪರವಾಗಿಲ್ಲ, ಬಿಚ್ಚಿಬಿಡೋಣ” ಎಂದು ಸಮಾಧಾನ ಹೇಳಿದರು.

ನಾನು ಒಳಪೆಡಲ್ ಹೊಡೆದು ಸೈಕಲ್ ಕಲಿತ ಊರಿನಲ್ಲಿ ಅದಕ್ಕೆ ಪುರಸಭೆಯ ತೆರಿಗೆ ಇತ್ತು, ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ಕತ್ತಲಲ್ಲಿ ಡೈನಮೊ ಇಲ್ಲದೆ ಹೋದರೆ, ಹಗಲಲ್ಲಿ ಡಬಲ್ ಹೋದರೆ ಪೊಲೀಸರು ಗಾಳಿ ಬಿಟ್ಟು ಕಳಿಸುತ್ತಿದ್ದರು. ಅವಮಾನವೇ ಸರಿ. ಆದರೆ ಸರ್ಕಾರದ ಕಣ್ಣಿಗೆ ಸೈಕಲ್ ಕಾಣಿಸುತ್ತಿತ್ತಲ್ಲ!

ಸವಾರಿ ಹೊರಡುವುದು ಬೆಂಗಳೂರಿನ ಹೆಬ್ಬಾಳದಿಂದ, ಐದು ಗಂಟೆಗೆ. ಅಲ್ಲಿಗೆ ಬಂದ ಇಪ್ಪತ್ತು ಸೈಕಲ್ಲುಗಳಲ್ಲಿ ಹದಿನಾಲ್ಕು ಕಾರಿನ ಬೆನ್ನ ಮೇಲೆ ಕುಳಿತು ಬಂದಿದ್ದವು, ನನ್ನದೂ ಸೇರಿ. ಯಾಕೆಂದು ಕೇಳಿದ್ದಕ್ಕೆ ಒಬ್ಬರು, “ಊರೊಳಗೆ ಸೈಕಲ್ ತುಳಿಯುವುದು ಅಪಾಯ ಸಾರ್, ಎಷ್ಟೊಂದು ಕಾರುಗಳು!” ಎಂದು ತಮ್ಮ ಕಾರಿಗೆ ಬೀಗ ಹಾಕಿದರು.

ಅವರನ್ನು ದೂರಲಾರೆ. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಿದ್ದರು. ಕಂಬಗಳು ಒಂದೊಂದಾಗಿ ಅಡ್ಡಬಿದ್ದವು. ಪಥದೊಳಗೆ ಬೈಕುಗಳು ಬಂದವು, ಆಟೋಗಳು ಬಂದವು, ಕೊನೆಗೆ ಮೆಟ್ರೊ ಕಾಮಗಾರಿಯೂ ಬಂತು. ಸೈಕಲ್ ಒಂದು ಬರಲು ಜಾಗ ಸಾಲಲಿಲ್ಲ. ಅದೇ ವರ್ಷದ ಜೂನ್ 3ರಂದು, ಅಂದರೆ ವಿಶ್ವಸಂಸ್ಥೆ ಘೋಷಿಸಿದ ವಿಶ್ವ ಸೈಕಲ್ ದಿನದಂದೇ, ಉತ್ತರ ಪ್ರದೇಶದ ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಸೈಕಲ್ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತು. ಮುಹೂರ್ತ ಇಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಯಾರನ್ನೂ ಹಿಂದೆ ಬಿಡುವುದಿಲ್ಲ ಎಂಬ ಮಾತು ಯಲಹಂಕದವರೆಗೆ ಬಾಳಿತು. ಆಮೇಲೆ ನನಗೆ ಕಂಡದ್ದು ದೂರದಲ್ಲಿ ಮಿನುಗುವ ಕೆಂಪು ದೀಪಗಳು ಮಾತ್ರ. ದೇವನಹಳ್ಳಿ ದಾಟಿದ ಮೇಲೆ ಫೋಟೊ ತೆಗೆಯಲು ನಿಂತರು, ಹಾಗಾಗಿ ಸಿಕ್ಕರು. ಮುಂದಿನ ಏರಿನಲ್ಲಿ ಒಬ್ಬ ಹುಡುಗ, ಹವಾಯಿ ಚಪ್ಪಲಿ, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು, ಕಿರುಗುಟ್ಟುವ ಸೈಕಲ್ಲಿನಲ್ಲಿ ಎದ್ದುನಿಂತು ತುಳಿಯುತ್ತಾ ನಮ್ಮ ಇಡೀ ತಂಡವನ್ನು ದಾಟಿ ಡೈರಿಯ ಕಡೆಗೆ ತಿರುಗಿದ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳ ಪೈಕಿ ಒಂದಿರಬೇಕು, ಬಹುಶಃ ಅವನ ಅಕ್ಕನದು. ನಮ್ಮಲ್ಲೊಬ್ಬರಿಗೆ ಮುಖ ಸಣ್ಣದಾಯಿತು. ಇನ್ನೊಬ್ಬರು ಸವಾರಿಯ ಲೆಕ್ಕವನ್ನೆಲ್ಲ ಆ್ಯಪ್‌ಗೆ ಕಳಿಸುವ ಕೈಗಡಿಯಾರ ನೋಡಿಕೊಂಡು, “ಅವನು ಆ್ಯಪ್‌ನಲ್ಲಿಲ್ಲ, ಬಿಡಿ” ಎಂದರು. ಎಲ್ಲರೂ ಸುಧಾರಿಸಿಕೊಂಡರು.

ಹನ್ನೆರಡಕ್ಕೆ ಪಬ್ಬು. ಅಲ್ಲಿ ಕಾರು ನಿಲ್ಲಿಸಿಕೊಡಲು ಕೆಂಪು ಕೋಟಿನ ಹುಡುಗರಿದ್ದಾರೆ, ಟೋಕನ್ ಇದೆ. ಸೈಕಲ್ಲಿಗೆ ಟೋಕನ್ ಇಲ್ಲ. ಎರಡು ಲಕ್ಷದ ಸೈಕಲ್ಲನ್ನು ಹಿಡಿದು ನಿಂತವರನ್ನು ಕಾವಲುಗಾರ ಅಡಿಯಿಂದ ಮುಡಿಯವರೆಗೆ ನೋಡಿ, “ಸೈಕಲ್‌ನವರು ಹಿಂದಿನ ಗೇಟಿನಿಂದ ಬರಬೇಕು” ಎಂದ. ಹಿಂದೆ, ಜನರೇಟರಿನ ಪಕ್ಕದಲ್ಲಿ, ಅವನದೇ ಹಳೆಯ ಸೈಕಲ್ ಸ್ಟ್ಯಾಂಡ್ ಹಾಕಿಕೊಂಡು ಗಂಭೀರವಾಗಿ ನಿಂತಿತ್ತು. ನಮ್ಮವಕ್ಕೆ ಸ್ಟ್ಯಾಂಡೇ ಇಲ್ಲವಾದ್ದರಿಂದ ಒಂದೊಂದಾಗಿ ಅದಕ್ಕೇ ಒರಗಿಸಿದೆವು.

ಮೂರನೇ ಮಹಡಿಯವರು ಮಾತ್ರ ಇಳಿಯಲಿಲ್ಲ. ಅವರ ಯಂತ್ರ 99.3 ಕಿಲೋಮೀಟರ್ ತೋರಿಸುತ್ತಿತ್ತು. ನೂರಾಗದೆ ಅನ್ನ ಇಳಿಯುವುದಿಲ್ಲ. ಪಾರ್ಕಿಂಗ್ ಅಂಗಳದಲ್ಲಿ ಪ್ರದಕ್ಷಿಣೆ ಶುರುಮಾಡಿದರು. ನಾಲ್ಕನೇ ಸುತ್ತಿನಲ್ಲಿ ಕಾವಲುಗಾರ ಬಗ್ಗಿ ನೆಲ ನೋಡತೊಡಗಿದ. “ಏನು ಬಿದ್ದುಹೋಗಿದೆ ಸಾರ್? ಹೇಳಿ, ನಾನೂ ಹುಡುಕುತ್ತೇನೆ.”

ಊಟದ ವಿಚಾರ ಹೆಚ್ಚು ಹೇಳುವುದಿಲ್ಲ. ಬೆಳಗಿನಿಂದ ಕರಗಿಸಿದ್ದೆಲ್ಲ ಮೊದಲ ಬಿಯರ್ ಜಗ್ಗು, ಎರಡನೇ ತಟ್ಟೆ ಚಿಲ್ಲಿ ಚಿಕನ್ನಿನ ಹೊತ್ತಿಗೆ ಮನೆಗೆ ಮರಳಿತ್ತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಿದರೆ ಕಾರು ಓಡಿಸುವಂತಿಲ್ಲ. ಸೈಕಲ್ ಮೋಟಾರು ವಾಹನವಲ್ಲ. ಆ ಸೆಕ್ಷನ್ನಿಗೆ ಸಿಗದ ವಾಹನ ಇಪ್ಪತ್ತಿದ್ದರೂ ಕಾರಿನವರೆಲ್ಲ ಮೊಬೈಲ್ ತೆಗೆದು ಬಾಡಿಗೆ ಚಾಲಕರನ್ನು ಕರೆಸಿದರು. ಸೈಕಲ್ಲುಗಳು ಮತ್ತೆ ಕಾರಿನ ಬೆನ್ನೇರಿದವು.

ಹೆಬ್ಬಾಳದ ಇಳಿಜಾರಿನಲ್ಲಿ ನಮ್ಮ ಕಾರಿನ ಮುಂದೆ ಒಬ್ಬ ಟೀ ಮಾರುವವನು ಹೋಗುತ್ತಿದ್ದ. ಕ್ಯಾರಿಯರಿನಲ್ಲಿ ಎರಡು ಫ್ಲಾಸ್ಕು, ಹ್ಯಾಂಡಲ್ಲಿನಲ್ಲಿ ಬಿಸ್ಕತ್ತಿನ ಡಬ್ಬ. ಚಾಲಕ ಸುಮ್ಮನಿದ್ದ. ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡಿದ್ದ ಮೂರನೇ ಮಹಡಿಯವರು ಮುಂದಕ್ಕೆ ಬಾಗಿ, “ಹಾರ್ನ್ ಹೊಡೆಯಪ್ಪಾ, ಈ ಸೈಕಲ್‌ನವರಿಗೆ ರಸ್ತೆಯ ಅರಿವೇ ಇಲ್ಲ” ಎಂದರು.

ಅವನು ಪಕ್ಕಕ್ಕೆ ಸರಿದ. ನಾವು ಅವನನ್ನು ಹಿಂದೆ ಬಿಟ್ಟೆವು.