ತೊಳೆದ ತಿನ್ನರ್ ಡ್ರಮ್ಮು ಬರೀ ಗುಜರಿಯಲ್ಲ: ಸ್ಪಷ್ಟನೆ

‘ಖಾಲಿ ತಿನ್ನರ್ (ಪೇಂಟ್ ತೆಳುಮಾಡುವ ದ್ರವ) ಡ್ರಮ್ಮನ್ನು ಮೂರು ಸಲ ನೀರಿನಲ್ಲಿ ತೊಳೆದರೆ ಸಾಕು, ಕತ್ತರಿಸಿ ಗುಜರಿಗೆ ಹಾಕಬಹುದು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅದೂ ಜೀವಕ್ಕೆ ಎರವಾಗುವ ತಪ್ಪು.

ಡ್ರಮ್ಮು ಖಾಲಿ ಎಂದರೂ ಅಂಚಿನ ಮಡಿಕೆಯಲ್ಲಿ ಒಂದೆರಡು ಚಮಚ ತಿನ್ನರ್ ಉಳಿದೇ ಇರುತ್ತದೆ. ಅದರಲ್ಲಿರುವ ಟಾಲ್ವೀನ್‌ನಂಥ ದ್ರಾವಕ ನೀರಿನಲ್ಲಿ ಕರಗುವುದೇ ಅಪರೂಪ. ಮೂರಲ್ಲ, ಮೂವತ್ತು ಸಲ ಕುಲುಕಿದರೂ ನಂಬುವಂತಿಲ್ಲ. ಆವಿಯೂ ಗಾಳಿಗಿಂತ ಭಾರ, ಒಳಗೇ ಕೂತಿರುತ್ತದೆ. ಗ್ಯಾಸ್ ಕಟರ್‌ನ ಒಂದು ಕಿಡಿ ತಾಗಿದರೆ ಡ್ರಮ್ಮೇ ಬಾಂಬು. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮಿಗೆ ಅನುಭವಿ ವೆಲ್ಡರ್‌ಗಳು ಹೆದರುವುದು ಸುಮ್ಮನೆ ಅಲ್ಲ.

ಕಾನೂನೂ ಸಂದೇಶದ ಪರವಾಗಿಲ್ಲ. ರಾಸಾಯನಿಕ ಅಂಟಿದ ಖಾಲಿ ಬ್ಯಾರೆಲ್‌ಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇವೆ. ಸಾಮಾನ್ಯವಾಗಿ 90 ದಿನ ಇಟ್ಟುಕೊಳ್ಳಬಹುದು. ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಮಾತ್ರ. ತೊಳೆದ ನೀರನ್ನು ಚರಂಡಿಗೆ ಬಿಟ್ಟರೆ ಅದು ಸೇರುವುದು ಫಲ್ಗುಣಿ ನದಿಯನ್ನು. ನಮ್ಮ ಮಳೆಗಾಲದಲ್ಲಂತೂ ಅಂಗಳದಲ್ಲಿ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ನೀರು ನಿಂತು, ಸಡಿಲ ಬಿರಡೆಯಿಂದ ಒಳಗಿಳಿಯುತ್ತದೆ. ಮಾಡಿನ ಕೆಳಗಿಡಿ, ಬಿರಡೆ ಬಿಗಿಯಿರಲಿ.

ಆ ಸಂದೇಶದಲ್ಲಿ ಸರಿಯಿರುವುದು ಒಂದೇ ಸಾಲು: ಡ್ರಮ್ಮಿನ ಲೇಬಲ್ ಕೀಳಬೇಡಿ.