ಹೊಲಿಗೇನೇ ಇಲ್ದೆ ಹೇಗೆ?

ಹೋದ ವಾರ ಒಂದು ಆ್ಯಪ್‌ನ ಸಾಲುಗಳನ್ನು ಕನ್ನಡಕ್ಕೆ ತರುತ್ತಾ ಕೂತಿದ್ದೆ. ಹೊಟ್ಟೆಪಾಡಿಗೆ ನಾನು ಮಾಡೋದು ಇದೇ ಕೆಲಸ. 40 ಸಾಲಿನಲ್ಲಿ 11 ಕಡೆ ‘ಸೀಮ್‌ಲೆಸ್‌ಲಿ’, ಅಂದರೆ ಎಲ್ಲೂ ತೊಡಕಿಲ್ಲದೆ. ಬಿಲ್ ಕಟ್ಟೋದು ಸೀಮ್‌ಲೆಸ್‌ಲಿ, ದುಡ್ಡು ಕಳಿಸೋದು ಸೀಮ್‌ಲೆಸ್‌ಲಿ, ಕೊನೆಗೆ ಅಕೌಂಟ್ ಡಿಲೀಟ್ ಮಾಡೋದೂ ಸೀಮ್‌ಲೆಸ್‌ಲಿ!

ಇದಕ್ಕೆ ರೆಡಿಮೇಡ್ ಕನ್ನಡ ಒಂದಿದೆ, ‘ತಡೆರಹಿತವಾಗಿ’. ನಿಮ್ಮ ಫೋನಿನಲ್ಲೂ ಎಲ್ಲೋ ಇರುತ್ತೆ, ಹುಡುಕಿ ನೋಡಿ. ನನಗಂತೂ ಅದನ್ನು ಕಂಡರೆ ಬೆಂಗಳೂರಿನ ಸ್ಯಾಟಲೈಟ್ ಬಸ್ ನಿಲ್ದಾಣ ನೆನಪಾಗುತ್ತೆ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ‘ಮೈಸೂರು ತಡೆರಹಿತ’ ಅಂತ ಬೋರ್ಡಿದ್ದರೆ, ರಾಮನಗರ, ಮಂಡ್ಯದವರು ಹತ್ತಬೇಡಿ ಅಂತ ಅರ್ಥ. ಬಸ್ಸಿಗೆ ಒಳ್ಳೇ ಪದ. ಕರೆಂಟ್ ಬಿಲ್ಲಿಗೆ ಯಾಕೆ?

ಇಂಗ್ಲಿಷ್ ಬಂತು ಅಂತ ನನಗೆ ಸಿಟ್ಟಿಲ್ಲ. ನಾವು ಯಾರೂ ‘ಸ್ಮೂತ್ಲಿ ನಡೀತು’ ಅನ್ನಲ್ಲ, ‘ಸ್ಮೂತಾಗಿ ನಡೀತು’ ಅಂತೀವಿ. ಅವರ ಬಾಲ ಕತ್ತರಿಸಿ ನಮ್ಮ ‘ಆಗಿ’ ಅಂಟಿಸ್ತೀವಿ. ಈಸಿಯಾಗಿ, ನೀಟಾಗಿ, ಎಲ್ಲಾ ಹೀಗೇ ಒಳಗೆ ಬಂದವು. ‘ಸಲೀಸಾಗಿ’ ಕೂಡ ಅಚ್ಚಗನ್ನಡ ಏನಲ್ಲ, ಸಲೀಸು ಅರಬ್ಬಿಯಿಂದ ಬಂದದ್ದು. ಈಗ ಅದನ್ನು ಹೊರಗಿನದು ಅಂದರೆ ಯಾರೂ ನಂಬಲ್ಲ.

ಸೀಮ್ ಅಂದರೆ ಹೊಲಿಗೆ. ನಮ್ಮಮ್ಮ 30 ವರ್ಷ ರವಿಕೆ ಹೊಲಿದವರು. ‘ಹೊಲಿಗೆಯೇ ಇಲ್ಲದ ಹಾಗೆ ಅಂತ ಈ ಪದಕ್ಕೆ ಅರ್ಥ’ ಅಂದೆ. ಕನ್ನಡಕದ ಮೇಲಿಂದ ನೋಡಿ, ‘ಹೊಲಿಗೇನೇ ಇಲ್ದೆ ಹೇಗೋ ಜೋಡಿಸ್ತಾರೆ?’ ಅಂದರು. ಒಂದು ಹಳೇ ರವಿಕೆ ಒಳಮಗ್ಗುಲಾಗಿ ತಿರುಗಿಸಿ ತೋರಿಸಿದರು. ಪಕ್ಕೆಯ ಹತ್ತಿರ ಒಂದಿಂಚು ಬಟ್ಟೆ ಮಡಚಿ ಬಿಟ್ಟಿದ್ದರು, ಪಕ್ಕದಲ್ಲೇ ಎರಡು ಸಾಲು ಹೊಲಿಗೆ. ಮುಂದೆ ದಪ್ಪಗಾದರೆ ಒಂದು ಸಾಲು ಬಿಚ್ಚಿದರೆ ಸಾಕು. ಹೊಲಿಗೆ ಇದ್ದದ್ದಕ್ಕೇ ಆ ರವಿಕೆ ಎರಡು ಹೆರಿಗೆ ದಾಟಿದೆ. (ಕ್ರಿಕೆಟ್ ಚೆಂಡಿಗೂ ಆರು ಸಾಲು ಹೊಲಿಗೆ ಇರುತ್ತೆ. ಅದಿಲ್ಲದಿದ್ದರೆ ನಮ್ಮ ಜಾವಗಲ್ ಶ್ರೀನಾಥ್ ಟೆಸ್ಟ್‌ನಲ್ಲಿ 236 ವಿಕೆಟ್ ಎಲ್ಲಿಂದ ತೆಗೀತಿದ್ದರು?)

ಆಮೇಲೆ ಹೊಳೆಯಿತು. ನಾವು ಮದುವೆ ‘ಸುಸೂತ್ರವಾಗಿ’ ನಡೀತು ಅಂತೀವಲ್ವಾ? ಸೂತ್ರ ಅಂದರೆ ನೂಲು, ದಾರ. ಇಂಗ್ಲಿಷಿನವರಿಗೆ ಹೊಲಿಗೆ ಕಾಣಬಾರದು. ನಮಗೆ ದಾರ ಚೆನ್ನಾಗಿ ಓಡಿರಬೇಕು. ಎರಡೂ ದರ್ಜಿ ಅಂಗಡಿಯಿಂದಲೇ ಹೊರಟ ಹಾಗಿದೆ, ಹೋದ ದಾರಿ ಮಾತ್ರ ಬೇರೆ.

ಹಾಗಂತ ಸುಸೂತ್ರವನ್ನೂ ಎಲ್ಲಾ ಕಡೆ ಹಾಕೋಕೆ ಬರಲ್ಲ. ಮಗು ಮಗ್ಗಿ ಒಪ್ಪಿಸೋದು ಸರಾಗವಾಗಿ. ಎಣ್ಣೆ ಬಿಟ್ಟ ಚಿಲಕ ಸರಿಯೋದು ಸಲೀಸಾಗಿ. ಪಳಗಿದ ಪೈಲ್ವಾನ ಎದುರಾಳಿಯನ್ನು ಎತ್ತಿ ಹಾಕೋದು ಲೀಲಾಜಾಲವಾಗಿ. ಅನಾಯಾಸ ಅನ್ನೋದನ್ನಂತೂ ನಮ್ಮ ಹಿರಿಯರು ಸಾವಿಗೇ ಮೀಸಲಿಟ್ಟ ಹಾಗಿದೆ, ದೇವರ ಮುಂದೆ ಕೇಳೋದೇ ಅನಾಯಾಸ ಮರಣ. ಅದನ್ನು ಬಿಲ್ ಕಟ್ಟೋಕೆ ಹಾಕಿದರೆ ಅಜ್ಜಿ ಫೋನ್ ಎಸೆದಾರು.

300 ವರ್ಷಕ್ಕೂ ಹಿಂದೆ ಕವಿ ಮಹಲಿಂಗರಂಗ ಕನ್ನಡ ಎಷ್ಟು ಸುಲಭ ಅಂತ ಹೇಳೋಕೆ ಮೂರು ಹೋಲಿಕೆ ಕೊಟ್ಟ. ಸುಲಿದ ಬಾಳೆಹಣ್ಣು, ಸಿಗುರು ತೆಗೆದ ಕಬ್ಬು, ಬಿಸಿ ಆರಿದ ಹಾಲು. ಸ್ಕೂಲಲ್ಲಿ ಬಾಯಿಪಾಠ ಮಾಡಿದಾಗ ಗಮನಿಸಿರಲಿಲ್ಲ. ಮೂರರಲ್ಲೂ ಯಾರೋ ಮೊದಲೇ ಕೆಲಸ ಮಾಡಿ ಇಟ್ಟಿದ್ದಾರೆ. ಹಣ್ಣು ಸುಲಿದಿದ್ದಾರೆ, ಕಬ್ಬು ಸವರಿದ್ದಾರೆ, ಹಾಲು ಕಾಯಿಸಿ ಆರಿಸಿದ್ದಾರೆ. ಆಮೇಲೆ ನಮ್ಮ ಕೈಗೆ ಕೊಟ್ಟಿದ್ದು.

ಹನ್ನೊಂದರಲ್ಲಿ ಏಳು ಕಡೆ ‘ಸಲೀಸಾಗಿ’ ಹಾಕಿದೆ, ಮೂರು ಕಡೆ ಪದವನ್ನೇ ಬಿಟ್ಟೆ, ಒಂದು ಕಡೆ ಆಸೆಗೆ ‘ಸುಸೂತ್ರವಾಗಿ’. ಎರಡು ದಿನ ಬಿಟ್ಟು ಫೈಲ್ ವಾಪಸ್ ಬಂತು. ಹನ್ನೊಂದೂ ಕೆಂಪಾಗಿತ್ತು. ‘ದಯವಿಟ್ಟು ನಮ್ಮ ಪದಪಟ್ಟಿಯಂತೆ ತಡೆರಹಿತವಾಗಿ ಎಂದು ಬದಲಿಸಿ.’

ಬದಲಿಸಿದೆ. ಬಿಲ್ಲು ಮಂಡ್ಯದಲ್ಲಿ ನಿಲ್ಲಲ್ಲ.