ಡಿಜಿಟಲ್ ಗಿಡಕ್ಕೆ ಫೆವಿಕಾಲ್

ಬಾಟನಿ ಓದೋ ಮಕ್ಕಳಿಗೆ ಈಗ ಗಿಡ ಹುಡುಕಿಕೊಂಡು ಕಾಡು ಸುತ್ತುವ ಕಷ್ಟ ಇಲ್ಲ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನವರು ತಮ್ಮಲ್ಲಿರುವ ಸುಮಾರು 70 ಲಕ್ಷ ಹರ್ಬೇರಿಯಂ ಹಾಳೆಗಳನ್ನು, ಅಂದರೆ ಒಣಗಿಸಿದ ಗಿಡ ಅಂಟಿಸಿ ವಿವರ ಬರೆದಿಟ್ಟ ಹಾಳೆಗಳನ್ನು, ಸ್ಕ್ಯಾನ್ ಮಾಡಿಸಲು ಹೊರಟರು. ಅಷ್ಟು ದೂರ ಯಾಕೆ, ಬೆಂಗಳೂರಿನ ಐಐಎಸ್‌ಸಿಯ ಜೆಸಿಬಿ ಹರ್ಬೇರಿಯಂ (ಮಣ್ಣು ಅಗೆಯೋದಲ್ಲ ಮಾರಾಯ್ರೆ) ಕರ್ನಾಟಕದ ಗಿಡಗಳನ್ನೇ ನೆಟ್‌ಗೆ ಹಾಕಿದೆ. ಕಾಸಿಲ್ಲ, ಖರ್ಚಿಲ್ಲ.

ಇದನ್ನು ನಮ್ಮ ಕಾಲೇಜುಗಳಲ್ಲಿ ಹೇಗೆ ಬಳಸುತ್ತಾರೆ ಅಂತೀರಾ? ಪ್ರಿಂಟ್ ತೆಗೆಸಿ!

'ಡಿಜಿಟಲ್ ಹರ್ಬೇರಿಯಂ ಸಬ್ಮಿಟ್ ಮಾಡಿ' ಅಂದರೆ ಡೌನ್‌ಲೋಡ್ ಮಾಡಿ, ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಅಂಚು ಕತ್ತರಿಸಿ, ಹರ್ಬೇರಿಯಂ ಶೀಟಿಗೆ ಫೆವಿಕಾಲ್ ಹಚ್ಚಿ ಅಂಟಿಸಿ, ಮೇಡಂ ಹತ್ರ ಸಹಿ ಹಾಕಿಸಿ, ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದಾಗ ಮುಂದಿಡೋದು. ಹಾಳೆಗೆ ಅಂಟಿದ್ದ ಗಿಡ ಕಂಪ್ಯೂಟರಿಗೆ ಹೋಗಿ, ಸಮುದ್ರ ದಾಟಿ ಬಂದು, ಮತ್ತೆ ಹಾಳೆಗೇ ಅಂಟಿತು.

ಅಸಲಿ ಶೀಟು ಸುಮಾರು 42 ಸೆಂಟಿಮೀಟರ್ ಉದ್ದ. ಎ4ಗೆ ಕುಗ್ಗಿಸಿದರೆ 10 ಸೆಂಟಿಮೀಟರಿನ ಎಲೆ 7 ಆಗುತ್ತದೆ. ಅದಕ್ಕೇ ಸ್ಕ್ಯಾನ್ ಮಾಡೋರು ಪಕ್ಕದಲ್ಲೊಂದು ಸ್ಕೇಲ್ ಇಟ್ಟಿರುತ್ತಾರೆ. ಅಂಚು ಕತ್ತರಿಸುವಾಗ ಮೊದಲು ಹೋಗೋದೇ ಅದು, ನೀಟಾಗಿ ಕಾಣಲ್ಲ ಅಂತ. ಆಮೇಲೆ ಕಂಪಾಸ್ ಬಾಕ್ಸಿನ ಸ್ಕೇಲ್ ತೆಗೆದು ಎಲೆ ಅಳೆದು ರೆಕಾರ್ಡಿಗೆ ಬರೆಯುತ್ತಾರೆ. ಪಶ್ಚಿಮಘಟ್ಟದ ಗಿಡಗಳೆಲ್ಲ ಒಂದೇ ಸೆಮಿಸ್ಟರಿನಲ್ಲಿ ಕುಳ್ಳಗಾಗಿಬಿಟ್ಟಿವೆ.

ಹಳೇ ಲೇಬಲ್‌ಗಳಲ್ಲಿ ಊರು, ತಾರೀಕು ಇರುತ್ತದೆ. ನೂರು ವರ್ಷದ ಹಾಳೆಗಳನ್ನು ತೆರೆಯ ಮೇಲೆ ಸಾಲಾಗಿಟ್ಟು, ಈ ಮರ ಆಗ ಯಾವ ತಿಂಗಳು ಹೂ ಬಿಡುತ್ತಿತ್ತು, ಈಗ ಯಾವಾಗ ಬಿಡುತ್ತಿದೆ ಅಂತ ಕ್ಲಾಸಿನಲ್ಲೇ ಕೂತು ಹುಡುಕಬಹುದು. ಬೇರೆ ಕಡೆ ಸಂಶೋಧಕರು ಇದನ್ನೇ ಮಾಡಿ ಪೇಪರ್ ಬರೆಯುತ್ತಿದ್ದಾರೆ. ನಮ್ಮವರು ಆ ಲೇಬಲ್ ಮೇಲೇ ಹೊಸ ಲೇಬಲ್ ಮೆತ್ತುತ್ತಾರೆ: ಸ್ಥಳ, ಕಾಲೇಜು ಆವರಣ, ಸಂಗ್ರಹಿಸಿದವರು, ಸ್ವಂತ ಹೆಸರು. ಹೀಗಾಗಿ ಆಗುಂಬೆಯ ಮಳೆಕಾಡಿನ ಮರ ಬಯಲುಸೀಮೆ ಕಾಲೇಜಿನ ಸೈಕಲ್ ಸ್ಟ್ಯಾಂಡ್ ಪಕ್ಕದಲ್ಲಿ ಸಿಕ್ಕಿದೆ. ಎಕ್ಸ್‌ಟರ್ನಲ್ ಸಾಹೇಬರು ಬೈಂಡಿಂಗ್ ನೋಡಿ 5ಕ್ಕೆ 5 ಕೊಟ್ಟಿದ್ದಾರೆ.

ಕಾಲಕ್ಕೆ ತಕ್ಕ ಹಾಗೆ ನಿಜವಾಗಿ ಬದಲಾದವನು ಅಂದರೆ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು. ಮುಂಚೆ ಸೀನಿಯರ್‌ಗಳ ಒಣಗಿದ ಗಿಡ ಮಾರುತ್ತಿದ್ದ, ಈಗ ಕಲರ್ ಸೆಟ್ ಇಟ್ಟಿದ್ದಾನೆ. "ಹೆಸರಿನ ಜಾಗ ಖಾಲಿ ಬಿಟ್ಟಿದ್ದೀನಿ ಕಣಮ್ಮ, ಪೆನ್ಸಿಲ್‌ನಲ್ಲಿ ಬರ್ಕೋ. ಎಕ್ಸಾಮ್ ಮುಗಿದ ಮೇಲೆ ವಾಪಸ್ ತಂದ್ರೆ ಅರ್ಧ ದುಡ್ಡು ಕೊಡ್ತೀನಿ."